ಕೊನೆಯ ಹಲಗೆ

ನಾನು ಬಾವುಟ ಹೊಲಿಯುವವಳು. ಒನಕೆ ಗುರುತಿನವರಿಗೂ ನಾನೇ ಹೊಲಿದುಕೊಡಬೇಕು, ಮೊರದ ಗುರುತಿನವರಿಗೂ ನಾನೇ. ಊರಲ್ಲಿ ಬೇರೆ ದರ್ಜಿಗಳಿದ್ದಾರೆ, ಆದರೆ ಅವರೆಲ್ಲ ಒಂದೊಂದು ಪಕ್ಷಕ್ಕೆ ಅಂಟಿಕೊಂಡವರು. ಎದುರು ಪಕ್ಷದ ಬಟ್ಟೆಗೆ ಕತ್ತರಿ ಹಾಕಲು ಅವರಿಗೆ ಕೈ ಬರುವುದಿಲ್ಲ. ನನಗೆ ಆ ತಾಪತ್ರಯವಿಲ್ಲ. ಹನ್ನೊಂದು ಪಕ್ಷಗಳು ಕೂಡಿ ಸರ್ಕಾರ ಮಾಡಿದ ಮೇಲೆ ಹನ್ನೊಂದು ಬಣ್ಣದ ಪಟ್ಟಿಗಳನ್ನು ಒಂದೇ ಬಾವುಟದಲ್ಲಿ ಕೂಡಿಸುವ ಕೆಲಸ ಬಂತು. ಅಂಥ ಬಾವುಟಕ್ಕೆ ನಾನು ಕಚ್ಚಾ ಹೊಲಿಗೆಯನ್ನೇ ಹಾಕುತ್ತೇನೆ. ಬಿಚ್ಚುವ ದಿನ ಬಂದಾಗ ಬಟ್ಟೆಯಾದರೂ ಹರಿಯದೆ ಉಳಿಯಲಿ ಎಂದು. ಪಕ್ಷದವರು ಹೊಲಿಗೆ ನೋಡುತ್ತಾರೆ, ಏನೂ ಅನ್ನುವುದಿಲ್ಲ.

ನಮ್ಮೂರು ಹೊಳೆಯ ಎರಡು ದಡಗಳಲ್ಲಿ ಹಂಚಿಹೋಗಿದೆ. ಈಚೆ ದಡದಲ್ಲಿ ಶಾಲೆ, ಅಂಚೆ ಕಚೇರಿ, ಹಿಟ್ಟಿನ ಗಿರಣಿ, ನಮ್ಮ ಮನೆ. ಆಚೆ ದಡದಲ್ಲಿ ಆಸ್ಪತ್ರೆ, ಸಂತೆ ಬೀದಿ, ರೈಲು ನಿಲ್ದಾಣ, ರುದ್ರಭೂಮಿ. ನಡುವೆ ಮರದ ಹಲಗೆಗಳ ಸೇತುವೆ. ರಾಜಧಾನಿಯ ಸಂಸತ್ತಿನಲ್ಲಿ ಸರ್ಕಾರದ ಕಡೆ ಎಷ್ಟು ಸದಸ್ಯರಿದ್ದಾರೋ ಸೇತುವೆಗೆ ಅಷ್ಟು ಹಲಗೆ. ಸಂಸತ್ತಿನಲ್ಲಿ ಐನೂರ ನಲವತ್ತಮೂರು ಜನ. ನಮ್ಮ ಹೊಳೆಯ ಅಗಲ ಇನ್ನೂರ ಎಪ್ಪತ್ತೆರಡು ಹಲಗೆ. ಒಂದೇ ಒಂದು ಕಮ್ಮಿಯಾದರೂ ಸೇತುವೆಯ ತುದಿ ಆಚೆ ದಡದ ಕಲ್ಲಿಗೆ ಮುಟ್ಟುವುದಿಲ್ಲ, ಇಡೀ ಸೇತುವೆ ನೀರಿಗೆ ಬೀಳುತ್ತದೆ, ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಳ್ಳುವವರೆಗೆ ಏಳುವುದಿಲ್ಲ. ಹೆಚ್ಚಾದ ಹಲಗೆಗಳು ಕಲ್ಲು ದಾಟಿ ಸಂತೆ ಬೀದಿಯ ನೆಲದ ಮೇಲೆ ಸಾಲಾಗಿ ಬಿದ್ದಿರುತ್ತವೆ. ನನ್ನ ಅಜ್ಜನ ಕಾಲದಲ್ಲಿ ಒಂದೇ ಪಕ್ಷದ ಸರ್ಕಾರವಿದ್ದಾಗ ಅವು ರೈಲು ನಿಲ್ದಾಣದವರೆಗೂ ಇದ್ದವಂತೆ, ಹೆಂಗಸರು ಅವುಗಳ ಮೇಲೆ ಸಂಡಿಗೆ ಒಣಗಿಸುತ್ತಿದ್ದರಂತೆ. ದೋಣಿಯ ಮಾತು ಎತ್ತಬೇಡಿ. ಆ ಸುಳಿಗಳಲ್ಲಿ ದೋಣಿ ಬಿಟ್ಟವರ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಕೆತ್ತಿದ್ದಾರೆ.

ಇದರ ಜೊತೆ ಬದುಕುವುದನ್ನು ನಾವು ಕಲಿತಿದ್ದೇವೆ. ಒನಕೆಯವರ ಹಲಗೆ ತೇಗದ್ದು, ಮೊರದವರದು ಮಾವಿನದು, ಎಂದು ಕಣ್ಣು ಮುಚ್ಚಿಕೊಂಡು ನಡೆದರೂ ನಮ್ಮ ಅಂಗಾಲಿಗೆ ಗೊತ್ತಾಗುತ್ತದೆ. ಹೊರಗಿನಿಂದ ಬೆಂಬಲ ಕೊಟ್ಟವರ ಹಲಗೆಗಳಿಗೆ ಮೊಳೆ ಇರುವುದಿಲ್ಲ, ಅಲ್ಲಿ ನಿಧಾನ ನಡೆಯಬೇಕು. ಪಕ್ಷೇತರರ ಹಲಗೆ ಸೋಮವಾರ ಇದ್ದ ಜಾಗದಲ್ಲಿ ಮಂಗಳವಾರ ಇರುವುದಿಲ್ಲ. ಮಂತ್ರಿಗಿರಿ ಸಿಗದವರದು ಕಿರುಗುಟ್ಟುತ್ತದೆ. ಮತದಾನದ ಹೊತ್ತಿಗೆ ವಿರೋಧ ಪಕ್ಷದ ಇಬ್ಬರು ಎದ್ದು ಹೊರಗೆ ಹೋದರೆ ಹೊಳೆಯೇ ಒಂದು ಹಲಗೆಯಷ್ಟು ಕಿರಿದಾಗುತ್ತದೆ, ಆಚೆ ದಡದ ಕಲ್ಲು ಈಚೆಗೆ ಸರಿಯುತ್ತದೆ. ಎರಡು ದಡಗಳ ನಡುವಿನ ಮದುವೆಗೆ ಬಜೆಟ್ ಪಾಸಾದ ಮೇಲೆಯೇ ಮುಹೂರ್ತ ಇಡುತ್ತಾರೆ. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಮುಗಿಯದೆ ನಮ್ಮೂರಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ.

ನಮ್ಮ ಕ್ಷೇತ್ರದಿಂದ ಆರಿಸಿ ಹೋದವನ ಹಲಗೆ ಯಾವತ್ತೂ ಕೊನೆಯದು. ಆದ್ದರಿಂದ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಚುನಾವಣೆಗೆ ನಿಲ್ಲುವವನು ಆಚೆ ದಡದ ಕಲ್ಲಿನ ಮೇಲೆ ಕೈಯಿಟ್ಟು, ಯಾರ ಸರ್ಕಾರವೇ ಬರಲಿ ನಾನು ಸರ್ಕಾರದ ಕಡೆ, ಎಂದು ಆಣೆ ಮಾಡಬೇಕು. ಮಾಡದವನಿಗೆ ಒಂದು ಮತವೂ ಬೀಳುವುದಿಲ್ಲ. ನಲವತ್ತು ವರ್ಷಗಳಲ್ಲಿ ನಮ್ಮೂರಿನ ಯಾವ ಸದಸ್ಯನೂ ಯಾವುದಕ್ಕೂ ಇಲ್ಲ ಅಂದದ್ದಿಲ್ಲ. ಸೀಮೆಎಣ್ಣೆ ನಿಲ್ಲಿಸಿದಾಗಲೂ ಹೌದು, ಪತ್ರಿಕೆಗಳ ಬಾಯಿ ಮುಚ್ಚಿಸಿದಾಗಲೂ ಹೌದು. ನಮಗೆ ಸಿಟ್ಟು ಬರುತ್ತಿರಲಿಲ್ಲವೆಂದಲ್ಲ. ಸಿಟ್ಟು ಬಂದ ದಿನವೂ ಆಸ್ಪತ್ರೆಗೆ ಹೋಗಬೇಕಿತ್ತು, ಅಷ್ಟೇ.

ಹತ್ತು ವರ್ಷಗಳ ಹಿಂದೆ ಒರಳಿನ ಗುರುತಿನ ಏಳು ಜನ ಯಾರಿಗೂ ಹೇಳದೆ ಕೇಳದೆ ಮಧ್ಯಾಹ್ನ ರಾಷ್ಟ್ರಪತಿಗಳಿಗೆ ಬೆಂಬಲ ವಾಪಸಿನ ಕಾಗದ ಕೊಟ್ಟರು. ಅದೇ ಹೊತ್ತಿಗೆ ನಾಲ್ಕನೇ ತರಗತಿಯ ಮಕ್ಕಳು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಸೇತುವೆಯ ಮೇಲೆ ವಾಪಸು ಬರುತ್ತಿದ್ದರು. ನನ್ನ ಮಗಳು ಶಿವಗಂಗೆಗೆ ಆಗ ಒಂಬತ್ತು ವರ್ಷ. ನೀರಿನಲ್ಲಿ ಅವಳ ಒಂದು ಕೈಗೆ ಹಲಗೆ ಸಿಕ್ಕಿತು. ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ ಗೆಳತಿಯ ಕೈ ಜಾರಿಹೋಯಿತು. ಅವತ್ತಿನಿಂದ ಗಂಗೆ ಸೇತುವೆಯ ಮೇಲೆ ಕಾಲಿಟ್ಟಿಲ್ಲ. ಎರಡು ಸಲ ಎತ್ತಿಕೊಂಡು ಹೋಗಲು ನೋಡಿದೆವು. ಮೈಯೆಲ್ಲ ಸೆಟೆದುಕೊಂಡು, ತುಟಿ ನೀಲಿಗಟ್ಟಿ, ಉಸಿರೇ ನಿಂತಂತಾಯಿತು. ಬಿಟ್ಟುಬಿಟ್ಟೆವು. ಮನೆಯಲ್ಲಿ ಕೂತು ನನ್ನ ಬಾವುಟಗಳಿಗೆ ಅಂಚು ಮಡಿಸಿ ಹೊಲಿಯುತ್ತಾಳೆ, ನನಗಿಂತ ಚೆನ್ನಾಗಿ. ನಾನು ಎದುರಿಗೆ ಕೂರದಿದ್ದರೆ ತುತ್ತು ಬಾಯಿಗಿಡುವುದಿಲ್ಲ.

ನನ್ನ ಯಜಮಾನರು ಷಡಕ್ಷರಿಯವರು ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಎದೆಯ ತುಂಬ ಹತ್ತಿ ಧೂಳು ತುಂಬಿಕೊಂಡಿದ್ದರು. ಕಳೆದ ವರ್ಷ ಚಳಿಗಾಲ ಮುಗಿಯುವಾಗ ಅವರನ್ನು ಆಚೆ ದಡದ ಆಸ್ಪತ್ರೆಗೆ ಸೇರಿಸಿದೆವು. ಉಸಿರಿಗೆ ನಳಿಗೆ ಹಾಕಿದರು. ಅಲ್ಲಾಡಿಸುವ ಹಾಗಿಲ್ಲ, ಇನ್ನು ಮನೆಗೆ ಕರೆದುಕೊಂಡು ಹೋಗುವ ಮಾತೂ ಬೇಡ ಎಂದರು ಡಾಕ್ಟರು. ಬೆಳಗ್ಗೆ ಗಂಗೆಗೆ ಉಣ್ಣಿಸಿ, ಗಂಜಿಯ ಡಬ್ಬಿ ಹಿಡಿದು ಸೇತುವೆ ದಾಟಿ, ಅವರಿಗೆ ಚಮಚದಲ್ಲಿ ಕುಡಿಸಿ, ಮತ್ತೆ ದಾಟಿ ಬಂದು ಗಂಗೆಗೆ ಮಧ್ಯಾಹ್ನದ ಊಟ, ಮತ್ತೆ ಆಚೆ. ಹೀಗೆ ನನ್ನ ದಿನ ಆ ಹಲಗೆಗಳ ಮೇಲೆಯೇ ಕಳೆಯುತ್ತಿತ್ತು.

ಆಗ ನಮ್ಮ ಕ್ಷೇತ್ರದ ಸದಸ್ಯ ನನ್ನ ತಮ್ಮ ಮರುಳಸಿದ್ದ. ಅವ್ವ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನೈದು, ಸಾಕಿದ್ದು ನಾನೇ. ಕಾರ್ಮಿಕರ ಮೊಕದ್ದಮೆ ನಡೆಸುವ ಚಿಕ್ಕ ವಕೀಲ. ಮೆದು ಮನುಷ್ಯ, ಜೋರು ಮಾತಿಲ್ಲ, ಹೌದು ಅನ್ನುವುದಕ್ಕೆ ಇವನೇ ಸರಿ ಎಂದು ಊರು ಅವನನ್ನು ಆರಿಸಿತ್ತು. ಅವನೂ ಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಎರಡು ವರ್ಷ ಎಲ್ಲದಕ್ಕೂ ಹೌದು ಅಂದ.

ಆಮೇಲೆ ರೈಲಿನಲ್ಲಿ ಆರು ಗಂಟೆಯ ದೂರದ ಒಂದು ಊರಿನಲ್ಲಿ ಬಟ್ಟೆ ಗಿರಣಿಯ ಮುಂದೆ ಗೋಲಿಬಾರ್ ಆಯಿತು. ಧೂಳು ಎಳೆಯುವ ಫ್ಯಾನು ಹಾಕಿಸಿ ಎಂದು ಕೆಲಸಗಾರರು ಗೇಟಿನಲ್ಲಿ ಕೂತಿದ್ದರು. ಹದಿನಾಲ್ಕು ಜನ ಸತ್ತರು. ಗಿರಣಿ ಯಜಮಾನ ಹನ್ನೊಂದು ಪಕ್ಷಗಳಲ್ಲಿ ಒಂದರ ಖಜಾಂಚಿ, ಹಾಗಾಗಿ ಸರ್ಕಾರ ತನಿಖೆಯ ಮಾತೇ ಆಡಲಿಲ್ಲ. ನನ್ನ ತಮ್ಮ ಆ ಊರಿಗೆ ಹೋದ. ಸತ್ತವರಲ್ಲಿ ಪಾಲಯ್ಯನೆಂಬ ಇಪ್ಪತ್ತಮೂರರ ಹುಡುಗ. ಅವನ ತಾಯಿ ಓಬಮ್ಮನ ಮನೆಯಲ್ಲಿ, ಆ ಹುಡುಗನ ಫೋಟೊದ ಮುಂದೆ ಕೂತು, ಈ ಸರ್ಕಾರ ಮತ ಕೇಳುವ ದಿನ ನಿನ್ನ ಮಗನ ಹೆಸರು ಹೇಳಿ ಇಲ್ಲ ಅಂತೀನಿ ತಾಯಿ, ಎಂದು ಮಾತು ಕೊಟ್ಟು ಬಂದ. ಇದನ್ನು ಅವನೇ ನನಗೆ ಕಾಗದದಲ್ಲಿ ಬರೆದಿದ್ದ. ಆ ದಿನ ಬಂದಾಗ ನೋಡೋಣ ಎಂದು ನಾನು ಕಾಗದ ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟೆ.

ಆ ದಿನ ಬೇಗ ಬಂತು. ಒಂದು ಸೋಮವಾರ ಹನ್ನೊಂದರಲ್ಲಿ ಒಂದಾದ ಮೊರದವರು ಮುನಿಸಿಕೊಂಡು ಬೆಂಬಲ ವಾಪಸು ತೆಗೆದುಕೊಂಡರು. ಸರ್ಕಾರದ ಕಡೆ ಇನ್ನೂರ ತೊಂಬತ್ತೊಂದು ಇದ್ದದ್ದು ಒಂದೇ ಏಟಿಗೆ ಹತ್ತೊಂಬತ್ತು ಕಮ್ಮಿಯಾಯಿತು. ಸಂತೆ ಬೀದಿಯಲ್ಲಿ ಹಲಗೆಗಳ ಮೇಲೆ ಸೊಪ್ಪು ಹರಡಿಕೊಂಡು ಕೂತಿದ್ದ ಹೆಂಗಸರು ದೊಪ್ಪನೆ ಮಣ್ಣಿಗೆ ಬಿದ್ದರು. ಅಲ್ಲಿಯವರೆಗೆ ಬೀದಿಯ ಕೊನೆಯಲ್ಲಿ ಸುಮ್ಮನೆ ಬಿದ್ದಿದ್ದ ನನ್ನ ತಮ್ಮನ ಹೊನ್ನೆ ಮರದ ಹಲಗೆ ಹಿಂದೆ ಸರಿದು ಬಂದು ಕಲ್ಲಿನ ಮೇಲೆ ಕೂತಿತು. ಅವನನ್ನು ಸೇರಿಸಿದರೆ ಇನ್ನೂರ ಎಪ್ಪತ್ತೆರಡು, ಬಿಟ್ಟರೆ ಇಲ್ಲ. ಶುಕ್ರವಾರ ವಿಶ್ವಾಸ ಮತ ಎಂದು ರೇಡಿಯೊ ಹೇಳಿತು.

ಊರಿನಲ್ಲಿ ಎಂದಿನಂತೆ ಪಾಲಾಗುವ ಕೆಲಸ ಶುರುವಾಯಿತು. ಯಾರು ಯಾವ ದಡದಲ್ಲಿ ಉಳಿಯುವುದು ಎಂದು ಪ್ರತಿ ಮನೆಯಲ್ಲೂ ಚರ್ಚೆ. ಬಸುರಿಯರು ಆಚೆಗೆ, ಪರೀಕ್ಷೆಯ ಮಕ್ಕಳು ಈಚೆಗೆ. ಬುಧವಾರ ಬೆಳಗ್ಗೆ ಹಿಟ್ಟಿನ ಗಿರಣಿಯ ಗುರುಬಸಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಮರುಳಸಿದ್ದ ಇಲ್ಲ ಅನ್ನುತ್ತಾನೆಂದು ಪತ್ರಿಕೆಯಲ್ಲಿ ಬಂದಿತ್ತು.

"ಅವ್ನಿಗೆ ಫೋನ್ ಮಾಡಿ ಸಾಕಾಗೋತು ಕಣಮ್ಮ. ನಮ್ ಮಾತಿಗೆ ಹ್ಞೂಂ ಅನ್ನಲ್ಲ, ಉಹ್ಞೂಂ ಅನ್ನಲ್ಲ. ನೀವು ಹೇಳಿದ್ರೆ ಕೇಳ್ತಾನೆ," ಎಂದರು ಗುರುಬಸಪ್ಪನವರು.

"ಕೇಳ್ತಾನೆ ಅಂತ್ಲೇ ಹೇಳಾಕೆ ಹೆದ್ರಿಕೆ," ಎಂದೆ.

"ಷಡಕ್ಷರಿ ಅಲ್ಲಿ ಮಲಗಿದಾನೆ. ಗಂಗೆ ಇಲ್ಲಿ. ಊರ ಮಾತು ಬಿಡ್ರಮ್ಮ, ನಿಮ್ ಗತಿ ಏನು ಅಂತ ಯೋಚ್ನೆ ಮಾಡಿದೀರಾ?"

ಯೋಚನೆ ಮಾಡದೆ ಏನು. ಎರಡು ದಿನದಿಂದ ನನಗೆ ಅದೊಂದೇ ಯೋಚನೆ. ಊರಿನವರು ಬಂದು ಒತ್ತಾಯ ಮಾಡಿದರು ಎಂದು ಆಮೇಲೆ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವರು ಬರದಿದ್ದರೂ ನಾನು ಹೋಗುತ್ತಿದ್ದೆ. ಅವರು ಬಂದಾಗ ನಾನು ಸೀರೆ ಬದಲಾಯಿಸಿ ಅಂಚೆ ಕಚೇರಿಗೆ ಹೊರಟು ನಿಂತಿದ್ದೆ.

ಟ್ರಂಕ್ ಕಾಲ್ ಸಿಗಲು ಒಂದು ಗಂಟೆ ಹಿಡಿಯಿತು. ಪೋಸ್ಟ್ ಮಾಸ್ಟರು ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಕೂತರು.

"ಅಕ್ಕ," ಎಂದ ಅವನು, ನಾನು ಬಾಯಿ ತೆರೆಯುವ ಮೊದಲೇ. "ಭಾವ ಹೆಂಗಿದಾರೆ?"

"ಹಂಗೇ ಇದಾರೆ. ನಾನು ಕುಡಿಸಿದ್ರೆ ನಾಕು ಚಮಚ ಗಂಜಿ ಹೋಗ್ತೈತೆ. ನರ್ಸಮ್ಮ ಕುಡಿಸಿದ್ರೆ ಕೆಮ್ಮು ಹತ್ತುತೈತೆ."

"ನೀನು ಫೋನ್ ಯಾತಕ್ಕೆ ಮಾಡಿದೀಯ ಅಂತ ಗೊತ್ತಕ್ಕ. ನಾನು ಆಯಮ್ಮಂಗೆ ಮಾತು ಕೊಟ್ಟೀನಿ."

"ಕಲ್ಲಿನ ಮೇಲೆ ಕೈಯಿಟ್ಟು ಊರಿಗೂ ಕೊಟ್ಟಿದ್ದೆ."

"ಎಲ್ಲಾದಕ್ಕೂ ಹೌದು ಅನ್ನು ಅಂತು ಊರು. ಅಂದೆ. ಹದಿನಾಲ್ಕು ಜನ ಸತ್ತಿದ್ದಕ್ಕೂ ಹೌದು ಅನ್ಲಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಅವನೇ ಮತ್ತೆ, ತಗ್ಗಿದ ದನಿಯಲ್ಲಿ, "ಇಲ್ಲ ಅನ್ನಾದು ಬ್ಯಾಡ. ಮತಾನೇ ಹಾಕ್ದೆ ಹೊರಗೆ ಉಳಿದ್ರೆ?" ಎಂದ. ಚಿಕ್ಕವನಿದ್ದಾಗ ಪೆಟ್ಟು ತಪ್ಪಿಸಿಕೊಳ್ಳಲು ಹೀಗೇ ಕೇಳುತ್ತಿದ್ದ.

"ನೀನೊಬ್ಬನೇ ಹೊರಗೆ ಉಳಿದ್ರೆ ನಿನ್ನ ಹಲಗೆ ಹೋಗ್ತೈತೆ, ಹೊಳೆ ಅರ್ಧ ಹಲಗೆ ಕುಗ್ಗುತೈತೆ. ಇನ್ನರ್ಧ ಕಮ್ಮಿಯಾದ್ರೂ ಬೀಳಾದೇ ಅಲ್ವೇನೋ? ಮರುಳ, ನಿಮ್ಮ ಭಾವ ಆ ದಡ. ಗಂಗೆ ಈ ದಡ. ಸೇತುವೆ ಬಿದ್ರೆ ನಾನು ಯಾವ ದಡದಾಗೆ ನಿಂತ್ಕಳ್ಳಿ? ನೀನೇ ಹೇಳು. ನೀನು ಹೇಳಿದ ಕಡೆ ನಿಂತ್ಕಂತೀನಿ."

ಆ ಮಾತನ್ನು ನಾನು ಎರಡು ದಿನದಿಂದ ಬಾಯಲ್ಲಿ ಹೊಂದಿಸಿಕೊಂಡಿದ್ದೆ. ಅದಕ್ಕೆ ಅವನಲ್ಲಿ ಜವಾಬು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪೋಸ್ಟ್ ಮಾಸ್ಟರು ಮೂರು ನಿಮಿಷವಾಯಿತೆಂದು ಬೆರಳು ತೋರಿಸಿದರು.

"ಆಗ್ಲಿ ಅಕ್ಕ," ಎಂದ. "ಗಂಗೆ ಊಟ ಮಾಡಿದ್ಲಾ?"

"ಮಾಡಿದ್ಲು," ಎಂದೆ. ಅವನು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನೆನಪಾದರೆ ಈಗಲೂ ಸೂಜಿ ಕೈಯಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು ಜಗಳವಾಡಿದ್ದರೆ ನಾನೇ ಸೋತುಬಿಡುತ್ತಿದ್ದೆನೋ ಏನೋ.

ಶುಕ್ರವಾರ ಮಧ್ಯಾಹ್ನ ಸೇತುವೆಯ ಎರಡೂ ತುದಿಗೆ ಹಗ್ಗ ಕಟ್ಟಿದರು. ಮತದಾನದ ಹೊತ್ತಿನಲ್ಲಿ ಅದರ ಮೇಲೆ ಯಾರೂ ಇರಕೂಡದು. ಹತ್ತು ವರ್ಷಗಳಿಂದ ನಡೆದು ಬಂದ ಕಟ್ಟುನಿಟ್ಟು. ಅಂಚೆ ಕಚೇರಿಯ ಜಗಲಿಯಲ್ಲಿ ರೇಡಿಯೊ ಇಟ್ಟಿದ್ದರು, ಇಡೀ ಈಚೆ ದಡ ಅಲ್ಲಿ ಸೇರಿತ್ತು. ಗಂಗೆಯನ್ನು ಮನೆಯಲ್ಲೇ ಕೂರಿಸಿ ಬಂದಿದ್ದೆ. ರೇಡಿಯೊದವನು ಒಬ್ಬೊಬ್ಬರು ಮಾತಾಡಿದ್ದನ್ನೂ ಹೇಳುತ್ತಿದ್ದ. ನಮ್ಮ ಕ್ಷೇತ್ರದ ಸದಸ್ಯರು ಎದ್ದು ನಿಂತರು, 'ಪಾಲಯ್ಯ, ವಯಸ್ಸು ಇಪ್ಪತ್ತಮೂರು' ಎಂದು ಹೇಳಿ ಕೂತುಬಿಟ್ಟರು, ಸಭಾಧ್ಯಕ್ಷರು ವಿಷಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದಾಗ ಉತ್ತರಿಸಲಿಲ್ಲ, ಸದನದಲ್ಲಿ ನಗು ಎದ್ದಿತು, ಎಂದ. ಜಗಲಿಯ ಮೇಲೂ ಒಂದಿಬ್ಬರು ನಕ್ಕರು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು.

ಮತದಾನಕ್ಕೆ ಗಂಟೆ ಬಾರಿಸುವ ಮೊದಲು ಮೊರದವರಲ್ಲಿ ಇಬ್ಬರಿಗೆ ತಮ್ಮ ನಾಯಕನ ಜೊತೆಯೇ ಜಗಳವಾಯಿತು. ತಮಗೆ ಮಾತಾಡಲು ಐದು ನಿಮಿಷ ಕೊಡಿಸಲಿಲ್ಲ ಎಂದು ಅವರ ದೂರು. ಇಬ್ಬರೂ ಕಾಗದಗಳನ್ನು ಮೇಜಿನ ಮೇಲೆ ಬಿಸಾಕಿ ಹೊರಗೆ ನಡೆದರು. ನಮಗೆ ಅದರ ಕಡೆ ಗಮನವಿರಲಿಲ್ಲ. ಪರ ಇನ್ನೂರ ಎಪ್ಪತ್ತೆರಡು, ವಿರುದ್ಧ ಇನ್ನೂರ ಅರವತ್ತೊಂಬತ್ತು ಎಂದು ರೇಡಿಯೊ ಹೇಳಿದ್ದೇ ತಡ ಜನ ಕೂಗಿಕೊಂಡು ಸೇತುವೆಯ ಕಡೆ ಓಡಿದರು. ಗುರುಬಸಪ್ಪನವರು ನನಗೆ ಕೈ ಮುಗಿದರು. ನಾನು ಅತ್ತೆ. ಖುಷಿಗೆ ಅತ್ತೆ, ಸುಳ್ಳು ಹೇಳುವುದಿಲ್ಲ.

ಮನೆಗೆ ಹೋಗಿ ಗಂಜಿಯ ಡಬ್ಬಿ ತೆಗೆದುಕೊಂಡು ಸೇತುವೆ ಹತ್ತಿದೆ. ತೇಗ ದಾಟಿ, ಮೊಳೆಯಿಲ್ಲದವುಗಳನ್ನು ದಾಟಿ, ಕೊನೆಗೆ ಬಂದಾಗ ನನ್ನ ತಮ್ಮನ ಹೊನ್ನೆಯ ಹಲಗೆಗೆ ಕಾಲು ಹುಡುಕಿತು. ಅಲ್ಲಿ ಅದಿರಲಿಲ್ಲ. ಕಲ್ಲಿನ ಮೇಲೆ ಯಾವುದೋ ದೂರದ ಕರಾವಳಿಯ ಒನಕೆಯವನ ತೇಗದ ಹಲಗೆ ಕೂತಿತ್ತು. ಕಲ್ಲು ಒಂದು ಹೆಜ್ಜೆ ಹೊಳೆಯೊಳಕ್ಕೆ ಬಂದಿತ್ತು. ಅದರಾಚೆ ಸಂತೆ ಬೀದಿಯ ಮಣ್ಣಿನಲ್ಲಿ ಒಂದೇ ಒಂದು ಹಲಗೆ ಅಡ್ಡಡ್ಡ ಬಿದ್ದಿತ್ತು, ಒಂದು ಮೇಕೆ ಅದನ್ನು ಮೂಸುತ್ತಿತ್ತು.

ಡಬ್ಬಿ ಕೆಳಗಿಟ್ಟು ನಿಂತುಕೊಂಡೆ. ಇಬ್ಬರು ಎದ್ದು ಹೋಗಿದ್ದರು, ಹೊಳೆ ಇನ್ನೂರ ಎಪ್ಪತ್ತೊಂದಕ್ಕೆ ಇಳಿದಿತ್ತು. ನನ್ನ ತಮ್ಮ ಇಲ್ಲ ಅಂದಿದ್ದರೂ ಸೇತುವೆ ನಿಲ್ಲುತ್ತಿತ್ತು. ನಾನು ಇದೇ ಡಬ್ಬಿ ಹಿಡಿದುಕೊಂಡು ಇದೇ ಹೊತ್ತಿಗೆ ಇಲ್ಲಿಗೆ ಬರುತ್ತಿದ್ದೆ. ಅವನ ಮಾತೂ ಉಳಿಯುತ್ತಿತ್ತು. ಮೇಕೆಯನ್ನು ಓಡಿಸಿ ಆಸ್ಪತ್ರೆಗೆ ಹೋದೆ.

ಯಜಮಾನರಿಗೆ ವಿಷಯವೆಲ್ಲ ಗೊತ್ತಾಗಿತ್ತು. ಪಕ್ಕದ ಹಾಸಿಗೆಯವನ ಹತ್ತಿರ ರೇಡಿಯೊ ಇತ್ತು, ಫೋನು ಮಾಡಿದ್ದನ್ನು ನಾನೇ ಹೇಳಿದ್ದೆ. ಎರಡು ಚಮಚ ಗಂಜಿ ಕುಡಿದರು, ಮೂರನೆಯದಕ್ಕೆ ಕೈ ಅಡ್ಡ ಹಿಡಿದರು.

"ಫ್ಯಾನು ಕೇಳಿದ್ರಂತಲ್ಲ ಆ ಹುಡುಗ್ರು," ಎಂದರು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಇಪ್ಪತ್ತೆಂಟು ವರ್ಷ... ನಾವು ಕೇಳ್ಳೇ ಇಲ್ಲ."

"ಸುಮ್ನಿರಿ, ಆಯಾಸ ಆಗುತೈತೆ."

"ನೀನು ಕೇಳಬಾರ್ದಾಗಿತ್ತು ಮಂಗಳಾ."

ಸಿಟ್ಟಿನಿಂದ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡೇ ಅಂದರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಮತದಾನವಾದ ಇಪ್ಪತ್ತಮೂರನೆಯ ದಿನ ಬೆಳಗ್ಗೆ, ನಾನು ಬಾಯಿ ಒರೆಸುತ್ತಿದ್ದಾಗ, ಹೋದರು.

ಮಣ್ಣು ಮಾಡುವುದಕ್ಕೆ ಮರುಳಸಿದ್ದ ರೈಲಿನಲ್ಲಿ ಬಂದ. ಗಂಗೆ ಈಚೆ ದಡದಲ್ಲಿ ಸೇತುವೆಯ ಬುಡದವರೆಗೂ ಬಂದು ನಿಂತಿದ್ದಳು. ರುದ್ರಭೂಮಿ ಅಲ್ಲಿಂದ ಕಾಣುತ್ತದೆ. ನಾವೆಲ್ಲ ಗುಂಡಿಗೆ ಹಿಡಿಮಣ್ಣು ಹಾಕುವಾಗ ಅವಳೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹೊಳೆಗೆ ಹಾಕಿದಳು. ಅಷ್ಟು ದೂರದಿಂದ ನನಗೆ ಅವಳ ಕೈ ಮಾತ್ರ ಕಂಡಿತು.

ವಾಪಸು ಬರುವಾಗ ತಮ್ಮ ಸಂತೆ ಬೀದಿಯಲ್ಲಿ ನಿಂತ. "ಇದೇ ಏನಕ್ಕ?" ಎಂದ.

"ಇದೇ."

ಕುಕ್ಕರುಗಾಲಿನಲ್ಲಿ ಕೂತು ಹೆಗಲ ಮೇಲಿನ ವಸ್ತ್ರದಿಂದ ಹಲಗೆಯ ಧೂಳು ಒರೆಸಿದ. ಅಂಗೈ ಅದರ ಮೇಲೆ ಊರಿದ. ಅವನು ಕೂಗಾಡಲಿ, ಹಿಡಿದು ಅಲ್ಲಾಡಿಸಲಿ ಎಂದು ನಾನು ಕಾಯುತ್ತಿದ್ದೆ.

"ಬೈಯೋ ನನ್ನ," ಎಂದೆ. ಸಾಕಿದ ಹುಡುಗನ ಮುಂದೆ ಹೀಗೆ ಅಂಗಲಾಚುತ್ತೇನೆ ಎಂದುಕೊಂಡಿರಲಿಲ್ಲ.

"ಯಾಕೆ ಬೈಲಿ? ನೀನು ಕೇಳ್ದೆ. ಎತ್ತಿದ ಕೈ ನಂದು," ಎಂದ. "ಆಯಮ್ಮಂಗೆ ಅವತ್ತು ಬೆಳಗ್ಗೆ ಕಾಗದ ಹಾಕಿದ್ದೆ, ಸೇತುವೆ ಉಳಿಸಬೇಕು ಅಂತ. ಆಮೇಲೆ ಇನ್ನೊಂದು ಬರೆಯಾಕೆ ಕೂತೆ. ಏನು ಬರೀಲಕ್ಕ? ಬೇಕಿರ್ಲಿಲ್ಲ ಅಂತ ಬರೀಲಾ?"

ಸಾಯಂಕಾಲದ ರೈಲಿಗೆ ಅವನು ಹೊರಟುಹೋದ. ಸೇತುವೆ ಹತ್ತಲಿಲ್ಲ, ಮನೆಗೆ ಬರಲಿಲ್ಲ. ಆಚೆ ದಡದಿಂದಲೇ ಗಂಗೆಗೆ ಕೈ ಎತ್ತಿ ತೋರಿಸಿದ. ಅವಳೂ ಎತ್ತಿದಳು. ಆಮೇಲಿನ ಮತದಾನಗಳಲ್ಲಿ ಅವನು ಎಲ್ಲದಕ್ಕೂ ಹೌದು ಅನ್ನುತ್ತಾನೆಂದು ರೇಡಿಯೊದಲ್ಲಿ ಕೇಳುತ್ತೇನೆ. ಊರಿನವರಿಗೆ ಅವನ ಮೇಲೆ ಬಹಳ ಪ್ರೀತಿ ಈಗ.

ಎರಡು ತಿಂಗಳಾದ ಮೇಲೆ ಒಂದು ಸಂತೆಯ ದಿನ ಬೆಳಗ್ಗೆ, ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಬಂದಳು. ನನ್ನ ವಯಸ್ಸೇ, ಆದರೆ ಬೆನ್ನು ಬಾಗಿತ್ತು.

"ವಕೀಲಪ್ಪನ ಅಕ್ಕಾರು ನೀವೇ ಏನ್ರವ್ವ? ನಾನು ಓಬಮ್ಮ. ಪಾಲಯ್ಯನ ತಾಯಿ."

ಒಳಗೆ ಕರೆದು ಚಾಪೆ ಹಾಕಿದೆ. ಗಂಗೆ ನೀರು ತಂದುಕೊಟ್ಟಳು. ಓಬಮ್ಮ ನೀರು ಕುಡಿದು, ಗಂಟಿನಿಂದ ನನ್ನ ತಮ್ಮನ ಕಾಗದ ತೆಗೆದಳು. ಎಷ್ಟು ಜನರ ಕೈಲಿ ಓದಿಸಿದ್ದಳೋ, ಮಡಿಕೆಗಳು ಹರಿದಿದ್ದವು. 'ನನ್ನೂರಿನ ಸೇತುವೆ ನಿಲ್ಲಬೇಕಾದರೆ ನಾನು ಹೌದು ಅನ್ನಬೇಕಾಗಿದೆ ತಾಯಿ. ಅಕ್ಕನ ಗಂಡ ಆಚೆ ದಡದಲ್ಲಿದ್ದಾರೆ. ನಿಮ್ಮ ಮಗನ ಹೆಸರನ್ನು ಮಾತ್ರ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಡಿ.' ಅಷ್ಟೇ ಇತ್ತು.

"ಯೆಂಗೈತೆ ಆ ಸೇತುವೆ, ನೋಡ್ಕಂಡೋಗಾನ ಅಂತ ಬಂದೆ," ಎಂದಳು. ಆಮೇಲೆ ನನ್ನ ಬರಿಯ ಹಣೆ ನೋಡಿದಳು. ಯಜಮಾನರು ಹೇಗಿದ್ದಾರೆ ಎಂದು ಕೇಳಲಿಲ್ಲ. "ಕೊನೇಗೆ ಜೊತೇಲಿದ್ರಾ?" ಎಂದಳು.

"ಇದ್ದೆ. ಬಾಯಿ ಒರೆಸ್ತಿದ್ದೆ."

"ಸಾಕು ಬಿಡವ್ವ. ನಾನಿರ್ಲಿಲ್ಲ. ಗೇಟಿನ ತಾವ ಬಿದ್ದಿದ್ನಂತೆ, ನಂಗೆ ಸಾಯಂಕಾಲ ಹೇಳಿದ್ರು."

ಅವಳ ಮಾತಿನಲ್ಲಿ ನನ್ನ ಮೇಲೆ ಸಿಟ್ಟು ಹುಡುಕಿದೆ. ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಧ್ಯಾಹ್ನದ ರೈಲಿಗೆ ಹೊರಡಬೇಕೆಂದಳು. ಅವಳ ಗಂಟು ನಾನು ಹಿಡಿದುಕೊಂಡು ಸೇತುವೆಯ ಮೇಲೆ ಜೊತೆಗೆ ಹೊರಟೆ. ಸಂತೆಯ ದಿನವಾದ್ದರಿಂದ ಜನವೋ ಜನ. ಕೋಳಿ ಬುಟ್ಟಿ, ಎಣ್ಣೆ ಡಬ್ಬ, ಆಸ್ಪತ್ರೆಗೆ ಹೊರಟ ಮುದುಕರು, ಕೂಸುಗಳು. ಕೊನೆಯ ಹತ್ತಿರ ಬಂದಾಗ ಓಬಮ್ಮ ನಿಂತಳು.

"ವಕೀಲಪ್ಪಂದು ಯಾವ್ದು ತೋರ್ಸವ್ವ."

ಕಲ್ಲಿನಾಚೆ, ಹತ್ತು ಹೆಜ್ಜೆ ದೂರದಲ್ಲಿ, ಹೊನ್ನೆಯ ಹಲಗೆ ಮಣ್ಣಿನಲ್ಲಿ ಬಿದ್ದಿತ್ತು. ನಾನು ಬಗ್ಗಿ ನಮ್ಮ ಕಾಲ ಕೆಳಗಿನ ತೇಗದ ಹಲಗೆಯನ್ನು ಮುಟ್ಟಿದೆ.

"ಇದೇ," ಎಂದೆ.

ಅವಳು ಅಲ್ಲೇ ಪಕ್ಕಕ್ಕೆ ಸರಿದು ಕೂತಳು. ಅಂಗೈಯನ್ನು ಹಲಗೆಯ ಮೇಲಿಟ್ಟಳು. ಜನ ಅವಳನ್ನು ಬಳಸಿಕೊಂಡು ಹಲಗೆ ತುಳಿದು ಹೋಗುತ್ತಿದ್ದರು, ಬರುತ್ತಿದ್ದರು. ಒಂದೊಂದು ಹೆಜ್ಜೆ ಬಿದ್ದಾಗಲೂ ಅವಳ ಕೈ ಸಣ್ಣಗೆ ಅದುರುತ್ತಿತ್ತು.

"ಎಷ್ಟ್ ಜನ ಓಡಾಡ್ತಾರವ್ವ," ಎಂದಳು. "ಗಟ್ಟಿ ಐತೆ. ಹೋಗ್ಲಿ ಬಿಡು. ಉಪಯೋಗಕ್ಕೆ ಬಂದ ನನ್ ಮಗ."

ನಾನು ಹೊಳೆಯ ಕಡೆ ಮುಖ ತಿರುಗಿಸಿಕೊಂಡೆ. ಅವಳನ್ನು ಕೈ ಹಿಡಿದು ಎಬ್ಬಿಸಿದೆ. ಕಲ್ಲು ದಾಟಿ ಸಂತೆ ಬೀದಿಗೆ ಇಳಿದೆವು. ರೈಲಿಗೆ ಇನ್ನೂ ಹೊತ್ತಿತ್ತು. ಬಿಸಿಲು ಏರಿತ್ತು. ಒಂಚೂರು ಕೂತು ರೊಟ್ಟಿ ತಿನ್ನುತ್ತೇನೆ ಎಂದು ಅವಳು ಸುತ್ತ ನೋಡಿ, ಬೇವಿನ ಮರದ ನೆರಳಿನಲ್ಲಿ ಬಿದ್ದಿದ್ದ ಹಲಗೆಯ ಮೇಲೆ ಕೂತಳು. ಅದೇ ಹೊನ್ನೆಯ ಹಲಗೆ.

"ಇದ್ಯಾರ್ದು, ಹಿಂಗೆ ಬಿದ್ದೈತೆ?" ಎಂದು ಕೇಳಿದಳು, ರೊಟ್ಟಿಯ ಬಟ್ಟೆ ಬಿಚ್ಚುತ್ತ.

"ಯಾರ್ದೂ ಅಲ್ಲ," ಎಂದೆ. "ಹೆಚ್ಚಿಗೆ ಉಳಿದದ್ದು."

"ಕೂತ್ಕಳಾಕೆ ಆಗ್ತೈತೆ ಬಿಡು," ಎಂದು ಅವಳು ಒಂದು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು. "ಬಾರವ್ವ, ನೀನೂ ಕೂತ್ಕ."

ನಾನು ಕೂತೆ. ಅವಳು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು. ತಿಂದೆ.